ಜಡ್ಡಿ ನೋಡಲು ಹೋದದ್ದು

ಸಿದ್ದಾಪುರದ ಕಡೆ ಮನೆಗೆ ಬಂದ ನೆಂಟರನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕು ಎನ್ನುವುದು ಎಂದೋ ತೀರ್ಮಾನವಾಗಿಹೋದ ವಿಷಯ. ಮೊದಲ ದಿನ ಜೋಗ, ಎರಡನೆಯ ದಿನ ಉಂಚಳ್ಳಿ, ಮೂರನೆಯ ದಿನ ಭುವನಗಿರಿಯ ಭುವನೇಶ್ವರಿ. ನಾಲ್ಕನೆಯ ದಿನವೂ ಉಳಿದುಕೊಂಡವರು ನೆಂಟರಲ್ಲ. ಅವರನ್ನು ಅಡಿಕೆ ಸುಲಿಯಲು ಕೂರಿಸಬಹುದು. ಈ ಪಟ್ಟಿಯಲ್ಲಿ ಕತ್ತಲೆಕಾನು ಎಂಬ ಕಾಡು ಇಲ್ಲ. ಹೊನ್ನಾವರದಿಂದ ಗೇರುಸೊಪ್ಪೆ ದಾಟಿ, ಮಲೆಮನೆ ಘಟ್ಟ ಹತ್ತಿ ಜೋಗಕ್ಕೆ ಹೋಗುವವರು ಅದರ ಮಗ್ಗುಲಲ್ಲೇ ಹಾದುಹೋಗುತ್ತಾರೆ. ಆದರೆ ಆ ತಿರುವುಗಳಲ್ಲಿ ಬಹುಪಾಲು ಮಂದಿ ಕಣ್ಣು ಮುಚ್ಚಿಕೊಂಡು, ಬಾಯಲ್ಲಿ ಲಿಂಬೆಹುಳಿ ಪೆಪ್ಪರಮಿಂಟು ಇಟ್ಟುಕೊಂಡು, ಬೆಳಗಿನ ತಿಂಡಿಯನ್ನು ಅದರ ಜಾಗದಲ್ಲೇ ಉಳಿಸಿಕೊಳ್ಳುವ ಕೆಲಸದಲ್ಲಿರುತ್ತಾರೆ.

ನಾನು ಹುಟ್ಟಿ ಬೆಳೆದದ್ದು ದಾವಣಗೆರೆ ಸೀಮೆಯಲ್ಲಿ. ಅಲ್ಲಿ ನಮಗೆ ಮರವೆಂದರೆ ಬಸ್ಸು ಕಾಯುವ ಜಾಗ. ಹೊಲದ ಬದುವಿನಲ್ಲೊಂದು ಬೇವು, ಊರ ಮುಂದೊಂದು ಅರಳಿ. ಎರಡಕ್ಕೂ ಅವುಗಳದೇ ಗುರುತು, ಅವುಗಳದೇ ಮರ್ಯಾದೆ. ಮದುವೆಯಾಗಿ ಮಲೆನಾಡಿಗೆ ಬಂದ ಹೊಸತರಲ್ಲಿ ಇಲ್ಲಿಯ ಮರಗಳನ್ನು ಕಂಡು ನನಗೆ ಮೆಚ್ಚಿಗೆಗಿಂತ ಗಾಬರಿಯೇ ಹೆಚ್ಚಾಗಿತ್ತು. ಇಷ್ಟೊಂದು ಜನರ ಹೆಸರು ನೆನಪಿಟ್ಟುಕೊಳ್ಳುವುದು ಹೇಗೆ? ನಮ್ಮ ಭಾವನವರಿಗೆ, ಎಂದರೆ ನಮ್ಮ ಯಜಮಾನರ ಅಣ್ಣನಿಗೆ, ಈ ಕಷ್ಟವಿಲ್ಲ. ತೋಟ ನೋಡಿಕೊಂಡು ಊರಲ್ಲೇ ಉಳಿದವರು ಅವರು. ಅವರ ಲೆಕ್ಕದಲ್ಲಿ ಕಾಡು ಎಂಬ ಒಂದೇ ವಸ್ತು ಎಲ್ಲೂ ಇಲ್ಲ. ಸೊಪ್ಪು ತರುವುದು ಬೆಟ್ಟ, ಹುಲ್ಲು ಕೊಯ್ಯುವುದು ಬೇಣ, ಬಿಸಿಲು ನೆಲ ಮುಟ್ಟದ್ದು ಕಾನು, ಕಾಲು ಹೂತುಹೋಗುವುದು ಜಡ್ಡಿ. ಚೌತಿಗೆಂದು ಹೋದವಳು ಕತ್ತಲೆಕಾನಿನ ರಾಮಪತ್ರೆ ಜಡ್ಡಿ ನೋಡಬೇಕು ಎಂದಾಗ ಅವರು ಪಂಚಕಜ್ಜಾಯದ ತಟ್ಟೆ ಕೆಳಗಿಟ್ಟು ನನ್ನನ್ನೇ ನೋಡಿದರು.

“ಅಲ್ಲಿ ನೋಡದು ಎಂತ ಇದ್ದೇ ತಂಗಿ? ಎಂತದೂ ಇಲ್ಲೆ. ಬರೀ ಕೆಸರು.”

ಅವರ ಮಾತನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಜಡ್ಡಿ ಎಂದರೆ ಎರಡು ಗುಡ್ಡಗಳ ನಡುವೆ ಹಳ್ಳವೊಂದು ಓಡುವ ಅವಸರ ಬಿಟ್ಟು, ಹರಡಿಕೊಂಡು ನಿಂತ ತಗ್ಗು. ವರ್ಷವಿಡೀ ಅಲ್ಲಿ ನೀರಾಡುತ್ತದೆ. ಬೇರೆ ಮರಗಳ ಬೇರು ಅಲ್ಲಿ ಗಾಳಿ ಸಿಗದೆ ಕೊಳೆತುಹೋಗುತ್ತದೆ. ರಾಮಪತ್ರೆಯೂ ಸೇರಿದಂತೆ ಜಾಯಿಕಾಯಿ ಬಳಗದ ಕೆಲವು ಮರಗಳು ಮಾತ್ರ ಆ ಕೆಸರೇ ತಮಗೆ ಸರಿ ಎಂದು ಲಕ್ಷಾಂತರ ವರ್ಷಗಳಿಂದ ಅಲ್ಲಿ ಕಾಲೂರಿವೆ. ಹೂಬಿಡುವ ಗಿಡಗಳ ವಂಶದಲ್ಲೇ ಬಹಳ ಹಳೆಯ ಕವಲು ಇವುಗಳದ್ದು. ಇಂಥ ಕಾಡನ್ನು 1960ರಲ್ಲಿ ಕೃಷ್ಣಮೂರ್ತಿ ಎಂಬುವರು ತಿರುವಾಂಕೂರಿನಲ್ಲಿ ಗುರುತಿಸಿ ಬರೆದರು. ಉತ್ತರ ಕನ್ನಡದ ಜಡ್ಡಿಗಳು ಪಂಡಿತರ ಕಣ್ಣಿಗೆ ಬೀಳಲು ಇನ್ನೂ ಸುಮಾರು ನಲವತ್ತು ವರ್ಷ ಹಿಡಿಯಿತು. ಕುಮಟಾದ ಎಂ.ಡಿ. ಸುಭಾಶ್ಚಂದ್ರನ್ ಮತ್ತು ಸಂಗಡಿಗರು ಅವುಗಳ ಬಗ್ಗೆ ಬರೆದದ್ದು 1999ರಲ್ಲಿ. ಭಾವನವರು ಅದಕ್ಕೂ ಎಷ್ಟೋ ಮೊದಲು, ಚಡ್ಡಿ ಹಾಕುವ ವಯಸ್ಸಿನಲ್ಲೇ, ತಪ್ಪಿಸಿಕೊಂಡ ಎಮ್ಮೆ ಹುಡುಕುತ್ತ ಒಂದು ಜಡ್ಡಿಗೆ ಇಳಿದು ಎರಡೂ ಚಪ್ಪಲಿ ಕಳೆದುಕೊಂಡಿದ್ದರಂತೆ. ಅದನ್ನು ಅವರು ಯಾವ ಪತ್ರಿಕೆಗೂ ಕಳಿಸಲಿಲ್ಲ, ಅಷ್ಟೆ.

ಈಗ ಉಳಿದಿರುವುದು ಚೂರುಪಾರು. ಕೇರಳದ ಜಡ್ಡಿಗಳನ್ನೆಲ್ಲ ಒಟ್ಟು ಹಾಕಿದರೆ ಸುಮಾರು 150 ಹೆಕ್ಟೇರು. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಬಾಂಬರ್ಡೆಯಲ್ಲಿರುವ ಜಡ್ಡಿ 2.59 ಹೆಕ್ಟೇರಿನದು, ಅದನ್ನು ಅಲ್ಲಿಯ ಸರ್ಕಾರ ಜೀವವೈವಿಧ್ಯದ ಪಾರಂಪರಿಕ ತಾಣವೆಂದು ಸಾರಿದೆ. ನಮ್ಮ ಅಳತೆಯಲ್ಲಿ ಆರೂವರೆ ಎಕರೆಯೂ ಆಗುವುದಿಲ್ಲ. ಭಾವನವರ ತೋಟ, ಗದ್ದೆ, ಸೊಪ್ಪಿನ ಬೆಟ್ಟ ಎಲ್ಲ ಸೇರಿಸಿದರೆ ಅದಕ್ಕಿಂತ ದೊಡ್ಡದೇ ಇದ್ದೀತು. ಇದನ್ನು ಹೇಳಿದಾಗ ಅವರು ಮೊದಲ ಬಾರಿಗೆ ಸ್ವಲ್ಪ ಆಸಕ್ತಿ ತೋರಿಸಿದರು. ಪಾರಂಪರಿಕ ತಾಣಕ್ಕೆ ಕಂದಾಯ ಮಾಫಿ ಇದೆಯೇ ಎಂದು ಕೇಳಿದರು.

ಕತ್ತಲೆಕಾನಿನ ಸೀಮೆ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶಕ್ಕೆ ಸೇರಿತು. 2019ರಲ್ಲಿ ಶರಾವತಿ ಕಣಿವೆಯನ್ನೂ ಕೂಡಿಸಿ ಒಟ್ಟಾರೆ ಸಿಂಗಳೀಕ ಅಭಯಾರಣ್ಯ ಮಾಡಿದರು. ಹಾಗಾಗಿ ಒಳಗೆ ಕಾಲಿಡಬೇಕಾದರೆ ಇಲಾಖೆಯ ಅನುಮತಿ ಬೇಕು, ಜೊತೆಗೊಬ್ಬ ವಾಚರ್ ಬೇಕು. ಅನುಮತಿ ಎಂದಕೂಡಲೇ ಭಾವನವರು ಗೊಣಗಲು ಶುರುಮಾಡಿದರು. ಆದರೆ ಈ ಜಿಲ್ಲೆಗೆ ಅದು ಹೊಸ ಪದ್ಧತಿಯೇನಲ್ಲ. ಕಂಪನಿ ಸರ್ಕಾರದ ವೈದ್ಯನಾಗಿದ್ದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಈ ಕಡೆ ಸುತ್ತಾಡಿದ. ಕಾರವಾರದ ಹತ್ತಿರ ಅವನು ಕಂಡು ಬರೆದದ್ದು ಇದು: ಇಲ್ಲಿಯ ಕಾಡುಗಳು ಊರ ದೇವರ ಆಸ್ತಿ. ಊರ ಗೌಡನೇ ಪೂಜಾರಿ. ಅವನ ಮೂಲಕ ದೇವರ ಅಪ್ಪಣೆ ಕೇಳದೆ ಮರಕ್ಕೆ ಕೊಡಲಿ ಹಾಕುವಂತಿಲ್ಲ. ಅಪ್ಪಣೆ ಕೊಡುವುದಕ್ಕೆ ದೇವರು ಏನನ್ನೂ ತೆಗೆದುಕೊಳ್ಳುವುದಿಲ್ಲ. ಕೇಳದೆ ಕಡಿದವನನ್ನು ಮಾತ್ರ ಬಿಡುವುದಿಲ್ಲ. ಇಷ್ಟೆಲ್ಲ ಬರೆದ ಬುಕಾನನ್, ಇದು ಸರ್ಕಾರ ಕಾಡಿನ ಮೇಲೆ ಹಕ್ಕು ಸಾಧಿಸದಂತೆ ಊರವರು ಹೂಡಿದ ಉಪಾಯವಿರಬೇಕು ಎಂದು ಒಂದು ಷರಾ ಹಾಕಿದ. ಜಾಣ. ಉಪಾಯ ಹೌದೋ ಅಲ್ಲವೋ, ಶುಲ್ಕವಿಲ್ಲದ, ಅರ್ಜಿ ನಮೂನೆಯಿಲ್ಲದ, ಮಧ್ಯಾಹ್ನ ಊಟಕ್ಕೆಂದು ಎದ್ದುಹೋಗದ ಅಂಥ ಕಚೇರಿ ಆಮೇಲೆ ಈ ದೇಶದಲ್ಲಿ ಸ್ಥಾಪನೆಯಾದದ್ದು ನನಗಂತೂ ಗೊತ್ತಿಲ್ಲ. ಹೊನ್ನಾವರದ ಬಳಿ ಗುಡ್ಡದ ಮೇಲಿರುವ ಕರಿಕಾನಮ್ಮನ ಸುತ್ತ ಇವತ್ತಿಗೂ ಮುಗಿಲೆತ್ತರದ ಮರಗಳು ನಿಂತಿರುವುದು ಆ ಕಚೇರಿಯ ದೆಸೆಯಿಂದ.

ಕಾನುಗಳಿಗೆ ದೇವರಷ್ಟೇ ಕಾವಲಿತ್ತು ಎಂದರೂ ತಪ್ಪಾಗುತ್ತದೆ. ಕಾಳುಮೆಣಸೂ ಕಾದಿದೆ. ಬಳ್ಳಿಗೆ ಹಬ್ಬಲು ಮರ ಬೇಕು, ನೆರಳು ಬೇಕು, ತಂಪು ಬೇಕು. ಇವೆಲ್ಲ ಕಾನಿನಲ್ಲಿ ಪುಕ್ಕಟೆ. ಕೆಳಗಿನ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಈ ಬಳ್ಳಿಗಳ ಬಲದಿಂದಲೇ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಪಕ್ಕದ ಸೊರಬ ತಾಲ್ಲೂಕೊಂದರಲ್ಲೇ 171 ಕಾನುಗಳನ್ನು ಲೆಕ್ಕ ಹಾಕಿದ್ದರು. ಈಗ ಸೊರಬಕ್ಕೆ ಹೋದರೆ ಊರಿನ ಹೆಸರುಗಳ ತುದಿಯಲ್ಲಿ ಕಾನು ಸಿಗುವಷ್ಟು ಸುಲಭವಾಗಿ ನೆಲದ ಮೇಲೆ ಸಿಗುವುದಿಲ್ಲ.

ಇನ್ನು ಉಂಬಳದ, ಎಂದರೆ ಕಾಡುಜಿಗಣೆಯ, ವಿಷಯ. ಮಲೆನಾಡಿನ ಬಗ್ಗೆ ಬರೆಯುವವರೆಲ್ಲ ಉಂಬಳದ ಬಗ್ಗೆ ಬರೆದೇ ಬರೆಯುತ್ತಾರೆ, ನಾನು ಬಿಡೋಣವೆಂದುಕೊಂಡೆ, ಉಂಬಳ ಬಿಡಲಿಲ್ಲ. ಭಾವನವರು ಪಾದದಿಂದ ಮಂಡಿಯವರೆಗೆ ಹೊಗೆಸೊಪ್ಪಿನ ನೀರು ಸವರಿಕೊಂಡರು. ನನ್ನ ಮಗಳು ಬೆಂಗಳೂರಿನಿಂದಲೇ ತಂದಿದ್ದ, ಮೊಣಕಾಲಿನ ತನಕ ಬರುವ ಉಂಬಳದ ಕಾಲುಚೀಲ ಹಾಕಿಕೊಂಡಳು. ಬೆಲೆ ಹೇಳಲು ಒಪ್ಪಲಿಲ್ಲ. ನಾನು ಸುಣ್ಣದ ಡಬ್ಬಿ ಹಿಡಿದುಕೊಂಡೆ. ವಾಚರ್ ಲುಂಗಿ ಎತ್ತಿ ಕಟ್ಟಿ ಬರಿಗಾಲಲ್ಲಿ ನಿಂತರು. ಕೊನೆಗೆ ಲೆಕ್ಕ ನೋಡಿದಾಗ ಎಲ್ಲರಿಗಿಂತ ಕಡಿಮೆ ರಕ್ತ ಕಳೆದುಕೊಂಡವರು ಅವರೇ. ಬರಿಗಾಲಾದರೆ ಹತ್ತಿದ ಕೂಡಲೇ ಗೊತ್ತಾಗುತ್ತದೆ, ಕಿತ್ತು ಎಸೆಯಬಹುದು ಎಂಬುದು ಅವರ ಸಿದ್ಧಾಂತ. ಇನ್ನೊಂದು ಮಾತನ್ನೂ ಹೇಳಿದರು: “ನಿಲ್ಲಬೇಡಿ ಅಮ್ಮ, ನಡೀತಾ ಇರಿ. ನಿಂತರೆ ಮುಗೀತು.” ಇಲ್ಲಿಯೇ ನನಗೆ ಇಕ್ಕಟ್ಟು. ನಡೆಯುತ್ತಿದ್ದರೆ ಕಾಡು ಕಾಣುವುದಿಲ್ಲ, ಕಾಲಡಿಯ ಬೇರು ಮಾತ್ರ ಕಾಣುತ್ತದೆ. ನಿಂತು ತಲೆ ಎತ್ತಿದರೆ ಉಂಬಳಗಳು ನಾಲ್ಕೂ ದಿಕ್ಕಿನಿಂದ ಗೇಣು ಹಾಕುತ್ತ ಬರುತ್ತವೆ. ಕಾಡು ನೋಡುವ ಆಸೆಗೆ ಎಷ್ಟು ರಕ್ತ ಕೊಡಬಹುದು ಎಂಬ ಪ್ರಶ್ನೆಗೆ ನಾನು ಅಲ್ಲಲ್ಲೇ ನಿಂತು ಉತ್ತರ ಕಂಡುಕೊಳ್ಳಬೇಕಾಯಿತು.

ನಿಂತದ್ದಕ್ಕೆ ಮೋಸವಾಗಲಿಲ್ಲ. ಹೊರಗೆ ಮಧ್ಯಾಹ್ನದ ಹನ್ನೊಂದೂವರೆ; ಒಳಗೆ ದೀಪ ಹಚ್ಚುವ ಹೊತ್ತು. ಮರಗಳು ಕೊಂಬೆಯ ಗೊಡವೆಯಿಲ್ಲದೆ ನೇರ ಮೇಲೆದ್ದು ಎಲ್ಲೋ ಎತ್ತರದಲ್ಲಿ ಸೊಪ್ಪು ಹರಡಿವೆ. ಬುಡದಲ್ಲಿ ಮಾತ್ರ ಎಲ್ಲವೂ ವಿಚಿತ್ರ. ಒಂದು ಜಾತಿಯ ಮರ ಕಾಂಡದಿಂದ ಊರುಗೋಲುಗಳನ್ನು ಇಳಿಬಿಟ್ಟಿದೆ, ಕೆಲವು ಆಳೆತ್ತರದಿಂದಲೇ ಹೊರಟಿವೆ; ಅವುಗಳ ನಡುವೆ ಮಗು ನುಸುಳಿ ಆಡಬಹುದು. ಇನ್ನೊಂದು ಜಾತಿಯ ಬೇರು ಕೆಸರಿನೊಳಗೇ ಹೋಗುತ್ತ ಹೋಗುತ್ತ, ಅಲ್ಲಲ್ಲಿ ಮೇಲೆದ್ದು ಬಾಗಿ ಮತ್ತೆ ಕೆಸರಿಗೆ ಇಳಿಯುತ್ತದೆ. ಚೌತಿಯ ಊಟಕ್ಕೆ ಕಡೆಯ ಪಂಕ್ತಿಯಲ್ಲಿ ಮೊಣಕಾಲು ಎತ್ತಿಕೊಂಡು ಕೂತ ಹುಡುಗರ ಸಾಲಿನಂತೆ ಕೆಸರ ತುಂಬ ಮೊಣಕಾಲುಗಳೇ. ಬೇರು ಉಸಿರಾಡುವುದಕ್ಕೆ ಮಾಡಿಕೊಂಡ ಏರ್ಪಾಡು ಅದು. ನೀರಿನಡಿಯ ಮಣ್ಣಿನಲ್ಲಿ ಗಾಳಿಯಿಲ್ಲ, ಆದ್ದರಿಂದ ಬೇರೇ ಗಾಳಿಗೆ ಎದ್ದುಬರುತ್ತದೆ. ವಾಚರ್ ಒಂದು ಕಡೆ ಹಳೆಯ ಗಾಯದ ಗುರುತು ತೋರಿಸಿದರು. ಈ ಮರಗಳ ತೊಗಟೆ ಕೆತ್ತಿದರೆ ಒಸರುವುದು ಕೆಂಪು ರಸ. ಇದುವರೆಗೆ ಉಳಿದುಕೊಂಡದ್ದರಲ್ಲಿ ಆ ಬಣ್ಣದ ಪಾಲೂ ಇರಬಹುದು ಎಂದು ನನಗನ್ನಿಸಿತು. ಕತ್ತಿ ಬೀಸಿದವನಿಗೂ ಒಂದು ಗಳಿಗೆ ಕೈ ತಡೆದೀತು.

ಈ ಮರಗಳ ಬಂಧುಬಳಗ ಸಾಮಾನ್ಯದ್ದಲ್ಲ. ನಾವು ಅಂಗಡಿಯಲ್ಲಿ ಕೊಳ್ಳುವ ಜಾಯಿಕಾಯಿ, ಜಾಪತ್ರೆ ಇವುಗಳ ಸೋದರಸಂಬಂಧಿಯವು. ಆ ಮರದ ತವರು ಇಂಡೊನೇಷ್ಯಾದ ಬಾಂಡಾ ದ್ವೀಪಗಳು. ಅದಕ್ಕಾಗಿ ಡಚ್ಚರೂ ಇಂಗ್ಲಿಷರೂ ಬಡಿದಾಡಿ, 1667ರ ಬ್ರೆಡಾ ಒಪ್ಪಂದದಲ್ಲಿ ಡಚ್ಚರು ರನ್ ಎಂಬ ಪುಟ್ಟ ಜಾಯಿಕಾಯಿ ದ್ವೀಪವನ್ನು ಇಟ್ಟುಕೊಂಡು ಮ್ಯಾನ್‌ಹಾಟನ್ನನ್ನು ಇಂಗ್ಲಿಷರಿಗೆ ಬಿಟ್ಟರು. ದಾಯಾದಿಯ ಬೆಲೆ ಒಂದು ನ್ಯೂಯಾರ್ಕ್. ನಮ್ಮ ಜಡ್ಡಿಯ ಬಂಧುವಿಗೆ ಅಂಥ ಭಾಗ್ಯವಿಲ್ಲ, ಪುಣ್ಯಕ್ಕೆ. ರಾಮಪತ್ರೆಗೆ ಬಣ್ಣ ಚೆನ್ನಾಗಿದೆ, ಪರಿಮಳ ಕಡಿಮೆ. ಹಾಗಾಗಿ ಅಸಲಿ ಜಾಪತ್ರೆಗೆ ಕಲಬೆರಕೆ ಮಾಡಲು ‘ಬಾಂಬೆ ಜಾಪತ್ರೆ’ ಎಂಬ ಹೆಸರಿನಲ್ಲಿ ಅದು ಪೇಟೆ ಸೇರಿತು. ಈಗ ಬಿರಿಯಾನಿ ಮಸಾಲೆಯವರು ಅದನ್ನು ಅದರದೇ ಹೆಸರಿನಲ್ಲಿ ಕೊಳ್ಳುತ್ತಾರೆ. ಕಾಯಿ ಬಲಿಯುವ ಮೊದಲೇ ಮರ ಹತ್ತಿ ಕಿತ್ತುಬಿಡುವ ಚಾಳಿಯೂ ಜೊತೆಗೇ ಬಂದಿದೆ. ಮಂಗಟ್ಟೆ ಹಕ್ಕಿ ಹಣ್ಣಾಗುವವರೆಗೆ ಕಾಯುತ್ತದೆ, ಬೀಜ ನುಂಗಿ ದೂರದಲ್ಲಿ ಉಗುಳುತ್ತದೆ. ಆ ಬೀಜಕ್ಕೂ ಅವಸರ. ಒಣಗಿದರೆ ಬೇಗ ಸತ್ತುಹೋಗುತ್ತದೆ, ಬಿದ್ದ ಕೂಡಲೇ ತೇವ ಸಿಗಬೇಕು. ಕಪಾಟಿನಲ್ಲಿಟ್ಟು ಮುಂದಿನ ವರ್ಷ ಬಿತ್ತುವ ಬಾಬ್ತು ಅಲ್ಲ ಇದು.

ಕತ್ತಲೆಕಾನಿನ ಹೆಸರು ಲ್ಯಾಟಿನ್ನಿಗೂ ಹೋಗಿದೆ. 2000ದಲ್ಲಿ ಇಲ್ಲಿ ಗುರುತಾದ, ಗೇರಿನ ಕುಟುಂಬದ ಹೊಸ ಮರಕ್ಕೆ ಸಸ್ಯಶಾಸ್ತ್ರಜ್ಞರು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟರು. ಪ್ರಪಂಚದಲ್ಲಿ ಅದರ ಸಂಖ್ಯೆ ತೀರಾ ಕಡಿಮೆ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ; ಹಾಗಾಗಿ ಒಂದೆರಡು ಮರ ಬಿದ್ದರೂ ಸಂಸಾರದ ಲೆಕ್ಕ ತಪ್ಪುತ್ತದೆ. ವಾಚರ್ ದೂರದಿಂದ ಒಂದನ್ನು ಬೆರಳು ಮಾಡಿ ತೋರಿಸಿದರು. ಆ ಬಳಗದ ಮರಗಳ ಸೊನೆ ಮೈಗೆ ತಾಗಿದರೆ ಬೊಕ್ಕೆ ಏಳುವುದುಂಟು, ಇದರದ್ದು ಹೇಗೋ ಪರೀಕ್ಷಿಸಲು ನಾನು ಹೋಗಲಿಲ್ಲ. ನೋಡಿದರೆ ಪಕ್ಕದ ಹತ್ತು ಮರಗಳಿಗೂ ಅದಕ್ಕೂ ನನ್ನ ಕಣ್ಣಿಗೆ ಏನೂ ವ್ಯತ್ಯಾಸವಿರಲಿಲ್ಲ. ಅಪರೂಪದ ವಸ್ತುಗಳು ಸ್ವಲ್ಪವಾದರೂ ಅಪರೂಪವಾಗಿ ಕಾಣಬೇಕು ಎಂಬ ನಮ್ಮ ನಿರೀಕ್ಷೆಯನ್ನು ಅದು ಲೆಕ್ಕಕ್ಕಿಟ್ಟಿಲ್ಲ.

ನನಗೆ ನಿಜವಾಗಿ ನೋಡಬೇಕೆಂದಿದ್ದದ್ದು ಒಂದು ಕಪ್ಪೆ. ಕೆ.ವಿ. ಗುರುರಾಜ ಮತ್ತು ಜೊತೆಗಾರರು 2014ರಲ್ಲಿ ಲೋಕಕ್ಕೆ ಪರಿಚಯಿಸಿದ ಕುಂಬಾರ ಕಪ್ಪೆ. ಕತ್ತಲೆಕಾನಿನ ಹಳ್ಳಗಳೇ ಅದರ ಕಾರ್ಖಾನೆ. ನೀರಿನ ಮೇಲ್ಗಡೆ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸುವುದು ಹೆಣ್ಣಿನ ಕೆಲಸ. ಆಮೇಲೆ ಗಂಡು ಕಪ್ಪೆ ಹಳ್ಳದ ತಳದಿಂದ ಮುಂಗಾಲಲ್ಲಿ ಮಣ್ಣು ತಂದು ಆ ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮೊಟ್ಟೆ ಒಣಗದಿರಲಿ, ಕಂಡವರ ಬಾಯಿಗೆ ಬೀಳದಿರಲಿ ಎಂದಿರಬೇಕು. ಮಣ್ಣು ಮೆತ್ತುವ ಇನ್ನೊಂದು ಕಪ್ಪೆ ಅದುವರೆಗೆ ಯಾರಿಗೂ ಗೊತ್ತಿರಲಿಲ್ಲ. ಈ ಕತೆಯನ್ನು ದಾರಿಯುದ್ದಕ್ಕೂ ನಾನು ಬೇಕಂತಲೇ ತುಸು ಗಟ್ಟಿಯಾಗಿ ಹೇಳಿದೆ, ಮುಂದೆ ನಡೆಯುತ್ತಿದ್ದ ಯಜಮಾನರಿಗೆ ಕೇಳಲಿ ಎಂದು. ಅವರಿಗೆ ಕೇಳಿಸಲಿಲ್ಲ. ಕಪ್ಪೆಯೂ ಕಾಣಲಿಲ್ಲ. ಅದರ ದುಡಿಮೆ ರಾತ್ರಿ ಪಾಳಿಯದು, ಅಭಯಾರಣ್ಯದಲ್ಲಿ ನಮಗಿದ್ದ ಅನುಮತಿ ಹಗಲಿನದು.

ಸಿಂಗಳೀಕ ಸಿಕ್ಕಿತು, ಅದೂ ರಸ್ತೆಗೆ ಮರಳುವ ಹೊತ್ತಿಗೆ. ಮುಖದ ಸುತ್ತ ಬಿಳಿ ಕೇಸರ, ಕರಿ ಮೈ, ಬಾಲದ ತುದಿಯಲ್ಲಿ ಗೊಂಡೆ. ಪಶ್ಚಿಮಘಟ್ಟ ಬಿಟ್ಟರೆ ಇದು ಬೇರೆಲ್ಲೂ ಇಲ್ಲ. ಘಟ್ಟದಲ್ಲೂ ಈ ಹೊನ್ನಾವರ–ಸಿದ್ದಾಪುರದ ಕಾಡು ಅದರ ಉತ್ತರದ ಗಡಿ. ಆದಷ್ಟೂ ನೆಲಕ್ಕಿಳಿಯದ ಪ್ರಾಣಿ. ಅದಕ್ಕೆ ಬೇಕಾದದ್ದು ಮರದಿಂದ ಮರಕ್ಕೆ ಕಡಿಯದೆ ಸಾಗುವ ನೆತ್ತಿ. ನಾಲ್ಕು ಮರ ತಪ್ಪಿದರೆ ಅದರ ಹೆದ್ದಾರಿ ಬಂದ್. ತೋಟದ ಎಳೆಕಾಯಿ ಕಿತ್ತು ಹಾಕುವ ಸಾದಾ ಮಂಗಗಳ ಮೇಲೆ ಭಾವನವರಿಗೆ ಇರುವ ಸಿಟ್ಟು ಪುರಾಣಕ್ಕೆ ಸಲ್ಲುವಂಥದ್ದು. ಸಿಂಗಳೀಕವನ್ನು ಕಂಡಾಗ ಮಾತ್ರ ಅವರ ದನಿ ಮೆತ್ತಗಾಯಿತು. “ಇದು ಮರ್ಯಾದಸ್ಥ” ಎಂದರು.

ಮನೆಗೆ ಬಂದು ಕಾಲು ತೊಳೆದು, ಅಪ್ಪೆಹುಳಿ ಕುಡಿಯುತ್ತ ಕೂತಾಗ ಭಾವನವರು ತಾವಾಗಿಯೇ ಒಂದು ಸಂಗತಿ ಹೇಳಿದರು. ಈಗ ಅವರ ತೋಟವಿರುವ ಕೆಳಗಿನ ಹಾಸು ಅವರ ಮುತ್ತಜ್ಜನ ಕಾಲದಲ್ಲಿ ಜಡ್ಡಿಯಾಗಿತ್ತಂತೆ. ಬಸಿಗಾಲುವೆ ತೋಡಿ, ನೀರು ಇಳಿಸಿ, ಮಣ್ಣು ಹಾಕಿ ಅಡಿಕೆ ನೆಟ್ಟರು. ಇದು ಅವರೊಬ್ಬರ ಮನೆಯ ಕತೆಯಲ್ಲ. ಗುಡ್ಡದ ನಡುವಿನ ತಂಪು ತಗ್ಗು, ವರ್ಷವಿಡೀ ನೀರು, ಕೊಳೆತ ಎಲೆಯ ಕಪ್ಪು ಮಣ್ಣು. ರಾಮಪತ್ರೆಗೆ ಬೇಕಾದದ್ದೂ ಅದೇ, ಅಡಿಕೆಗೂ ಭತ್ತಕ್ಕೂ ಬೇಕಾದದ್ದೂ ಅದೇ. ಘಟ್ಟದ ಎಷ್ಟೋ ಜಡ್ಡಿಗಳು ಹೀಗೆ ತೋಟವಾದವು, ಗದ್ದೆಯಾದವು. ಬ್ರಿಟಿಷರ ಕಾಲದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟ ಸರ್ಕಾರದ ಕಣ್ಣಿಗೂ ಜಡ್ಡಿ ಎಂಬುದು ಬಿದ್ದಿರಲಿಲ್ಲ.

ಅದನ್ನು ತಪ್ಪೆಂದು ಹೇಳಲು ನಾನು ಯಾರು? ಆ ತೋಟದ ಅಡಿಕೆಯಲ್ಲೇ ನಮ್ಮ ಮದುವೆಯ ಖರ್ಚೂ ಎದ್ದದ್ದು. ಆದರೆ ಭಾವನವರ ಮಾತು ಅಲ್ಲಿಗೆ ಮುಗಿಯಲಿಲ್ಲ. ತೋಟಕ್ಕೆ ಬರುವ ಅಬ್ಬಿ ನೀರು, ಆಗ ಅಡಿಕೆ ದಬ್ಬೆಯಲ್ಲಿ ಬರುತ್ತಿದ್ದದ್ದು ಈಗ ಕಪ್ಪು ಪೈಪಿನಲ್ಲಿ ಬರುವುದು, ಇನ್ನೂ ಮೇಲಿರುವ ಒಂದು ಪುಟ್ಟ ಜಡ್ಡಿಯಿಂದ. ಅದನ್ನು ಯಾರೂ ಮುಟ್ಟಿಲ್ಲ, ಏಕೆಂದರೆ ಅಲ್ಲಿಗೆ ದಾರಿಯಿಲ್ಲ. ಪಕ್ಕದ ಕೇರಿಯ ಗುಡ್ಡದಲ್ಲಿ ಅಕೇಶಿಯಾ ನೆಟ್ಟಿದ್ದಾರೆ, ಅಲ್ಲಿಯ ಹಳ್ಳ ಶಿವರಾತ್ರಿಗೇ ಕಲ್ಲು ತೋರಿಸುತ್ತದೆ. ಇವರದ್ದು ಏಪ್ರಿಲ್ ಕೊನೆಗೂ ಬತ್ತಿದ್ದಿಲ್ಲ. ಶರಾವತಿ ಕಣಿವೆಯ ಹಳ್ಳಗಳನ್ನು ಅಳೆದ ವಿಜ್ಞಾನಿಗಳು ಹೇಳುವುದೂ ಇದನ್ನೇ: ಮೇಲೆ ದಟ್ಟ ಕಾನು ಇದ್ದಲ್ಲಿ ಹಳ್ಳ ವರ್ಷವಿಡೀ ಹರಿಯುತ್ತದೆ, ಕಾನು ಹೋದಲ್ಲಿ ಮಳೆಗಾಲ ಮುಗಿದ ಕೆಲವು ತಿಂಗಳಿಗೇ ನಿಲ್ಲುತ್ತದೆ. ಈ ಕಣಿವೆಯಲ್ಲೇ ಈಗ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಚರ್ಚೆ ನಡೆದಿದೆ. ಕೆಳಗಿನ ನೀರನ್ನು ಮೇಲಕ್ಕೆ ಎತ್ತಿ ಮತ್ತೆ ಕೆಳಕ್ಕೆ ಬಿಡುವ ಉಪಾಯ. ನೀರನ್ನು ಮೇಲೆಯೇ ಹಿಡಿದಿಟ್ಟುಕೊಂಡು, ಬೇಸಿಗೆಯುದ್ದಕ್ಕೂ ಹದವಾಗಿ ಬಿಡುವ ಯಂತ್ರ ಇಲ್ಲಿ ಮೊದಲಿನಿಂದಲೂ ಇದೆ. ಅದಕ್ಕೆ ಕರೆಂಟೂ ಬೇಡ, ಎಂಜಿನಿಯರೂ ಬೇಡ. ದೊಡ್ಡ ಯೋಜನೆಯ ಸರಿತಪ್ಪನ್ನು ದೊಡ್ಡವರು ವಾದಿಸಲಿ. ಸಿಂಗಳೀಕದ ಹೆಸರಿನಲ್ಲೇ ಅಭಯಾರಣ್ಯ ಮಾಡಿ, ಅದೇ ಕಾಡಿನೊಳಗೆ ಸುರಂಗ ಕೊರೆಯುವುದು ನನಗಂತೂ ಒಪ್ಪಿಗೆಯಿಲ್ಲ.

ಘಟ್ಟದ ಮೇಲೆ ತೋಟ, ಗದ್ದೆ ಇರುವವರಲ್ಲಿ ಒಂದು ಕೋರಿಕೆ. ನಿಮ್ಮ ಅಬ್ಬಿಯ ನೀರು ಎಲ್ಲಿಂದ ಬರುತ್ತದೆ ಎಂದು ಒಮ್ಮೆ ಪೈಪು ಹಿಡಿದು ಮೇಲೆ ಹತ್ತಿ ನೋಡಿ. ಅಲ್ಲಿ ಮೊಣಕಾಲೆತ್ತಿದ ಬೇರುಗಳು ಕಂಡರೆ, ಬಸಿಗಾಲುವೆ ತೋಡಬೇಡಿ, ಮಣ್ಣು ತುಂಬಬೇಡಿ, ರಾಮಪತ್ರೆ ಹಣ್ಣಾಗುವ ಮೊದಲು ಕೀಳಲು ಯಾರಿಗೂ ಗುತ್ತಿಗೆ ಕೊಡಬೇಡಿ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು 2002ರ ಕಾಯಿದೆಯೇ ಹೇಳುತ್ತದೆ. ಅಲ್ಲಿಯ ದಾಖಲೆ ಪುಸ್ತಕದಲ್ಲಿ ನಿಮ್ಮೂರಿನ ಜಡ್ಡಿಯ ಹೆಸರು ಬರೆಸಿ.